ಒಂದೇ ವಿಳಾಸ, ಎರಡು ಪದ್ಯ

ಎರಡು ವರ್ಷದ ಕೆಳಗೆ ಒಂದು ಜಾಲಪತ್ರಿಕೆಯಲ್ಲಿ ಬಂದಿದ್ದ ಪದ್ಯವೊಂದರ ಬಗ್ಗೆ ಬರೆದಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಓದಿದ ಪದ್ಯ. ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ತಾಯಿಯೊಬ್ಬಳು ಇಡೀ ದಿನ ಕಾಯುವುದು ಅದರ ವಸ್ತು. ಮೂವತ್ತರಷ್ಟು ಸಾಲು, ಎಲ್ಲೂ ಬಿಡುವಿಲ್ಲ. ಬೆಳಗು ಮಧ್ಯಾಹ್ನಕ್ಕೆ, ಮಧ್ಯಾಹ್ನ ರಾತ್ರಿಗೆ ಗೊತ್ತಾಗದ ಹಾಗೆ ಸೇರಿಕೊಂಡುಬಿಡುತ್ತಿತ್ತು. ನನಗೆ ಹಿಡಿಸಿದ್ದೇ ಅದು. ಕಾಯುವವರಿಗೆ ಹೊತ್ತುಗಳ ನಡುವಿನ ಗೆರೆ ಅಳಿಸಿಹೋಗುತ್ತದೆ, ಚರಣಗಳ ನಡುವಿನ ಬಿಡುವನ್ನೇ ತೆಗೆದುಹಾಕಿ ಕವಿ ಇದನ್ನು ಹೇಳದೆಯೇ ಹೇಳಿದ್ದಾರೆ, ಎಂದು ಎರಡು ಪ್ಯಾರಾ ಬರೆದೆ. ಬರೆದದ್ದು ಚೆನ್ನಾಗಿದೆ ಎಂದು ನನಗೂ ಅನ್ನಿಸಿತ್ತು.

ವಾರದ ಮೇಲೆ ಕವಿಯಿಂದ ಮೇಲ್ ಬಂತು. ತೀರಾ ಸೌಜನ್ಯದ ಪತ್ರ. ‘ಸರ್, ನಿಮ್ಮ ಓದು ಇಷ್ಟವಾಯಿತು. ಹಾಗೆಯೇ ಬರೆಯಬೇಕಿತ್ತೇನೋ ಅಂತ ನನಗೂ ಅನ್ನಿಸಿತು. ಆದರೆ ನಾನು ಬರೆದಿದ್ದು ನಾಲ್ಕು ಚರಣದ ಪದ್ಯ. ನಡುವೆ ಒಂದೊಂದು ಖಾಲಿ ಸಾಲು ಇದೆ.’ ಜೊತೆಗೆ ತಮ್ಮ ಕಂಪ್ಯೂಟರಿನ ಪರದೆಯ ಚಿತ್ರ ಕಳಿಸಿದ್ದರು. ಅದೇ ವಿಳಾಸ, ಅದೇ ಶೀರ್ಷಿಕೆ, ಅದೇ ಬೆಂಚಿನ ಫೋಟೊ. ಆದರೆ ನಾಲ್ಕು ಚರಣ. ಮೂರನೆಯದು ಎರಡೇ ಸಾಲಿನದು, ಅದರ ಕೆಳಗೆ ಮಿಕ್ಕೆಲ್ಲ ಕಡೆಗಿಂತ ದೊಡ್ಡದೊಂದು ಬಿಳಿ ಜಾಗ. ಒಳಗಿನಿಂದ ಯಾರೋ ಬಂದು ಏನೋ ಹೇಳಿ ಹೋದದ್ದು ಆ ಬಿಳಿ ಜಾಗದಲ್ಲಿ. ಪದ್ಯ ಅದನ್ನು ಮಾತಿನಲ್ಲಿ ಎಲ್ಲೂ ಹೇಳುವುದಿಲ್ಲ. ಪದ್ಯದ ಜೀವವೇ ಅಲ್ಲಿತ್ತು, ಅದೊಂದು ಮಾತ್ರ ನನಗೆ ಬಂದಿರಲಿಲ್ಲ.

ಪತ್ರಿಕೆಯ ತಾಂತ್ರಿಕ ಕೆಲಸ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ‘ಮೊಬೈಲಿಗೆ ಬೇರೆ ಟೆಂಪ್ಲೇಟು ಸರ್. ಖಾಲಿ ಪ್ಯಾರಾ ಸಿಕ್ಕಿದರೆ ಅದು ತೆಗೆದುಬಿಡುತ್ತೆ, ಪುಟ ಹಗುರ ಆಗಲಿ ಅಂತ’ ಅಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವನ ಲೆಕ್ಕದಲ್ಲಿ ಖಾಲಿ ಎಂದರೆ ಖಾಲಿ.

ನನ್ನ ಮನಸ್ಸು ಮೊದಲು ಹೋದದ್ದು ಸಮರ್ಥನೆಯ ಕಡೆಗೇ. ಕೃತಿ ಓದುಗನ ಕೈಗೆ ಬಂದಮೇಲೆ ಕವಿಯ ಉದ್ದೇಶವನ್ನು ಕಟ್ಟಿಕೊಂಡು ಏನಾಗಬೇಕು ಎಂದು ತರಗತಿಗಳಲ್ಲಿ ಹೇಳಿಕೊಂಡು ಬಂದವರು ನಾವು. ಆದರೆ ಇಲ್ಲಿದ್ದದ್ದು ಉದ್ದೇಶದ ಪ್ರಶ್ನೆಯಲ್ಲ. ಪಠ್ಯವೇ ಬೇರೆ. ಒಂದು ವಿಳಾಸದ ಹಿಂದೆ ಎರಡು ಪದ್ಯಗಳಿದ್ದವು, ಯಾರಿಗೆ ಯಾವುದನ್ನು ಕೊಡಬೇಕೆಂದು ಸರ್ವರು ತೀರ್ಮಾನಿಸುತ್ತಿತ್ತು. ನಾನು ಹೊಗಳಿದ ರೂಪವನ್ನು ಯಾರೂ ರಚಿಸಿರಲೇ ಇಲ್ಲ.

ಆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಒಂದು ಪರೀಕ್ಷೆ ಮಾಡಿದೆ. ಬ್ರೌಸರಿನ ಡೆವಲಪರ್ ಸಲಕರಣೆಗಳಲ್ಲಿ ಅದರ ಹೆಸರನ್ನು ಬದಲಿಸಲು ಬರುತ್ತದೆ. ಫೋನಿನ ಹೆಸರು ಕೊಟ್ಟೆ, ಬಿಳಿ ಜಾಗ ಮಾಯವಾಯಿತು. ತೆಗೆದೆ, ವಾಪಸು ಬಂತು. ಇಲ್ಲದ ಒಂದು ಹೆಸರನ್ನು ಹುಟ್ಟಿಸಿ ಕೊಟ್ಟೆ, ಆಗಲೂ ನಾಲ್ಕು ಚರಣವೇ ಬಂತು. ಪರದೆ ಮೂರು ಸಲವೂ ಅಷ್ಟೇ ಅಗಲವಿತ್ತು. ಅಂದರೆ ಸರ್ವರು ನೋಡುತ್ತಿದ್ದದ್ದು ಪರದೆಯನ್ನಲ್ಲ, ಹೆಸರನ್ನು.

ಈ ಹೆಸರು ಎಂಬುದು ಸಾಹಿತ್ಯದವರು ಒಮ್ಮೆ ಓದಿ ನೋಡಬೇಕಾದ ಪಠ್ಯ. ಬ್ರೌಸರು ಯಾವ ಪುಟವನ್ನು ಕೇಳುವಾಗಲೂ ಒಂದು ಸಾಲಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಅದಕ್ಕೆ ಯೂಸರ್ ಏಜೆಂಟ್ ಎನ್ನುತ್ತಾರೆ. ನನ್ನ ಲ್ಯಾಪ್‌ಟಾಪಿನ ಕ್ರೋಮ್ ಹೇಳಿಕೊಳ್ಳುವುದು ಹೀಗೆ: ಮೊದಲು ಮೊಝಿಲ್ಲಾ 5.0, ಆಮೇಲೆ ವಿಂಡೋಸ್ ಎನ್‌ಟಿ 10.0, ಆಮೇಲೆ ಆಪಲ್‌ವೆಬ್‌ಕಿಟ್ 537.36, ಅದರ ಪಕ್ಕದ ಆವರಣದಲ್ಲಿ ‘ಕೆಎಚ್‌ಟಿಎಂಎಲ್, ಲೈಕ್ ಗೆಕ್ಕೊ’, ಆಮೇಲೆ ಕ್ರೋಮ್ ಮತ್ತು ಅದರ ಆವೃತ್ತಿ ಸಂಖ್ಯೆ, ಕಡೆಗೆ ಸಫಾರಿ 537.36. ವಿಂಡೋಸಿನ ಮೇಲೆ ಕೂತ ಕ್ರೋಮ್ ಎಂಬುದಷ್ಟೇ ಇದರಲ್ಲಿ ನಿಜ. ಉಳಿದದ್ದೆಲ್ಲ ಬಿರುದು.

ಶಾಸನ ಓದಿದವರಿಗೆ ಈ ಶೈಲಿ ಹೊಸದಲ್ಲ. ಮಲೆನಾಡಿನ ಸೊಸೆವೂರಿನಿಂದ, ಅಂದರೆ ಈಗಿನ ಮೂಡಿಗೆರೆ ತಾಲೂಕಿನ ಅಂಗಡಿಯಿಂದ, ಎದ್ದು ಬಂದ ಹೊಯ್ಸಳರು ತಮ್ಮನ್ನು ದ್ವಾರಾವತೀಪುರವರಾಧೀಶ್ವರರೆಂದು ಕರೆದುಕೊಂಡರು. ಕಲ್ಯಾಣದಲ್ಲಿ ಆಳಿದ ಕಳಚುರಿಗಳು ಕಾಲಂಜರಪುರವರಾಧೀಶ್ವರರಾದರು. ದ್ವಾರಕೆಯೂ ಕಾಲಂಜರವೂ ಇವರ ಕೈಯಲ್ಲಿರಲಿಲ್ಲ. ಆ ಹೆಸರು ಹೇಳದಿದ್ದರೆ ಅರಸರ ಸಾಲಿನಲ್ಲಿ ಜಾಗ ಸಿಗುವುದು ಕಷ್ಟ, ಅದಕ್ಕೆ ಹೇಳಿಕೊಂಡರು. ಬ್ರೌಸರುಗಳ ಬಿರುದಾವಳಿ ಬೆಳೆದದ್ದೂ ಇದೇ ಕಾರಣಕ್ಕೆ.

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೇಂದ್ರವೊಂದರಿಂದ ಮೊಸಾಯಿಕ್ ಎಂಬ ಬ್ರೌಸರ್ ಬಂತು. ಅದನ್ನು ಮುಗಿಸಲೆಂದು ಮರುವರ್ಷ ಬಂದದ್ದು ನೆಟ್‌ಸ್ಕೇಪ್. ಅದರ ಒಳಹೆಸರು ಮೊಝಿಲ್ಲಾ: ಮೊಸಾಯಿಕ್ ಅನ್ನು ತಿನ್ನುವ ಗಾಡ್ಜಿಲ್ಲಾ. ಒಂದೇ ಕಿಟಕಿಯೊಳಗೆ ಹಲವು ಪುಟ ತೋರಿಸುವ ಫ್ರೇಮುಗಳನ್ನು ನೆಟ್‌ಸ್ಕೇಪ್ ಬಲ್ಲದಾಗಿತ್ತು. ತಾಣ ಕಟ್ಟುವವರು ಹೆಸರು ನೋಡಿ, ಮೊಝಿಲ್ಲಾ ಎಂದವರಿಗೆ ಒಳ್ಳೆಯ ಪುಟ, ಮಿಕ್ಕವರಿಗೆ ಸಾದಾ ಪುಟ ಕೊಡತೊಡಗಿದರು. ಆಮೇಲೆ ಬಂದ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ನಿಜ ಹೆಸರು ಹೇಳಿದರೆ ಸಾದಾ ಪುಟವೇ ಗತಿ. ಅದು ತಾನೂ ಮೊಝಿಲ್ಲಾ ಎಂದಿತು, ಆವರಣದಲ್ಲಿ ಮೆಲ್ಲಗೆ ‘ಹೊಂದಿಕೊಳ್ಳುವಂಥದ್ದು’ ಎಂದು ಸೇರಿಸಿತು. ಮುಂದೆ ಮೊಝಿಲ್ಲಾದವರು ಗೆಕ್ಕೊ ಎಂಬ ಎಂಜಿನ್ ಕಟ್ಟಿದಾಗ ತಾಣಗಳು ಗೆಕ್ಕೊ ಹೆಸರಿಗೆ ಮಣೆ ಹಾಕಿದವು. ಲಿನಕ್ಸ್ ಬಳಗದ ಕೆಎಚ್‌ಟಿಎಂಎಲ್ ಎಂಜಿನ್ ‘ಗೆಕ್ಕೊವಿನಂತೆ’ ಎಂದಿತು. 2003ರಲ್ಲಿ ಬಂದ ಆಪಲ್ಲಿನ ಸಫಾರಿ ಆ ಎಂಜಿನ್ನಿನಿಂದಲೇ ಹುಟ್ಟಿದ್ದು, ಅದೂ ಆ ಮಾತನ್ನು ಉಳಿಸಿಕೊಂಡಿತು. 2008ರ ಕ್ರೋಮ್ ಸಫಾರಿಯ ಹೆಸರು ಹೇಳಿತು. 2015ರಲ್ಲಿ ಬಂದ ಮೈಕ್ರೋಸಾಫ್ಟಿನ ಎಡ್ಜ್ ಕ್ರೋಮಿನ ಹೆಸರನ್ನೂ ಸಫಾರಿಯ ಹೆಸರನ್ನೂ ಹೇಳಿತು. ಇವತ್ತು ಲೋಕದಲ್ಲಿ ಹೆಚ್ಚುಕಮ್ಮಿ ಪ್ರತಿ ಬ್ರೌಸರೂ ಮೊಝಿಲ್ಲಾ 5.0.

ಆ ಆವರಣದ ನುಡಿಯನ್ನು ನಮ್ಮ ಅಲಂಕಾರ ಶಾಸ್ತ್ರದ ಪಾಠದಂತೆ ಬಿಡಿಸಿ ನೋಡಿ. ಕೆಎಚ್‌ಟಿಎಂಎಲ್ ಉಪಮೇಯ, ಗೆಕ್ಕೊ ಉಪಮಾನ, ‘ಲೈಕ್’ ಉಪಮಾವಾಚಕ. ಸಾಧಾರಣ ಧರ್ಮ ಮಾತ್ರ ಕಾಣಿಸುವುದಿಲ್ಲ. ಯಾವುದರಲ್ಲಿ ಗೆಕ್ಕೊವಿನಂತೆ? ಹೇಳಿಲ್ಲ. ಲುಪ್ತೋಪಮೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪರೀಕ್ಷೆಯಲ್ಲಿ ಬರೆಯಲು ಸಿಗಲಿಕ್ಕಿಲ್ಲ. ಲೋಪವಾದದ್ದು ಏನೆಂದು ಊಹಿಸುವುದೂ ಕಷ್ಟವಿಲ್ಲ: ಅವನಿಗೆ ಬಡಿಸಿದ್ದನ್ನೇ ನನಗೂ ಬಡಿಸು.

ಬಡಿಸುವ ಮಾತು ಬಂದಮೇಲೆ ಪಂಕ್ತಿಭೇದ ಎಂಬ ನಮ್ಮ ಪದ ನೆನಪಾಗದೆ ಇರುವುದಿಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಎಲೆ ಮುಂದಿಂದ ಎದ್ದು ಹೋಗೆಂದು ಹೇಳಿಸಿಕೊಂಡ ಮನುಷ್ಯನ ಅವಮಾನಕ್ಕೂ ಒಂದು ತಂತ್ರಾಂಶಕ್ಕೆ ಸಾದಾ ಪುಟ ಸಿಕ್ಕಿದ್ದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಪ್ರಶ್ನೆಯ ಜಾಡು ಅದೇ. ಬಂದವರನ್ನು ‘ಏನು ಬೇಕು?’ ಎಂದು ಕೇಳುವುದು ಒಂದು ರೀತಿ, ‘ನೀವು ಯಾರ ಪೈಕಿ?’ ಎಂದು ಕೇಳುವುದು ಇನ್ನೊಂದು ರೀತಿ. ಎರಡನೆಯ ಪ್ರಶ್ನೆ ಕೇಳುವ ಊರಿನಲ್ಲಿ ಜನ ಹೆಸರು ಬದಲಿಸಿಕೊಳ್ಳುತ್ತಾರೆ. ವಚನಗಳನ್ನು ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆಯಲ್ಲಿ ಕೆಡುಕು ಹೊಕ್ಕ ಪ್ರಸಂಗವೂ ಒಂದಿದೆ. 2003ರಲ್ಲಿ ನಾರ್ವೆಯ ಒಪೆರಾ ಬ್ರೌಸರಿನವರು ಒಂದು ವಿಷಯ ಬಯಲಿಗಿಟ್ಟರು. ಮೈಕ್ರೋಸಾಫ್ಟಿನ ಎಂಎಸ್‌ಎನ್ ತಾಣ ಒಪೆರಾ 7ಕ್ಕೆ ಬೇರೆಯೇ ಒಂದು ಶೈಲಿಕಡತ ಕಳಿಸುತ್ತಿತ್ತು. ಅದರಲ್ಲಿದ್ದ ಒಂದು ಸೂಚನೆಯಿಂದ ಪುಟದ ಭಾಗಗಳು 30 ಪಿಕ್ಸೆಲ್ ಎಡಕ್ಕೆ ಸರಿದು, ಬ್ರೌಸರೇ ಕೆಟ್ಟಿದೆಯೇನೋ ಎಂಬಂತೆ ಕಾಣುತ್ತಿತ್ತು. ಒಪೆರಾದವರು ಹೆಸರನ್ನು ಬದಲಿಸಿ ‘ಓಪ್ರಾ’ ಎಂದು ಹೇಳಿಸಿದಾಗ ಸರಿಯಾದ ಕಡತ ಬಂತು. ಅವರು ಕೊಟ್ಟ ಉತ್ತರ ಸಾಹಿತ್ಯದ್ದು. ತಮ್ಮ ಬ್ರೌಸರಿನ ‘ಬೋರ್ಕ್’ ಎಂಬ ವಿಶೇಷ ಆವೃತ್ತಿ ಬಿಟ್ಟರು. ಅದರಲ್ಲಿ ಬೇರೆ ತಾಣಗಳೆಲ್ಲ ಎಂದಿನಂತೆ ಕಾಣುತ್ತಿದ್ದವು, ಎಂಎಸ್‌ಎನ್ ತಾಣದ ಮಾತುಗಳು ಮಾತ್ರ ಮಪೆಟ್ ಬೊಂಬೆಯಾಟದ ಸ್ವೀಡಿಷ್ ಬಾಣಸಿಗನ ತೊದಲು ಭಾಷೆಗೆ ತಿರುಗಿಬಿಡುತ್ತಿದ್ದವು. ಅಣಕವಾಡಿಗೆ ಇಷ್ಟು ನೇರ ಪಾಠ ಬೇರೆ ಎಲ್ಲೂ ಕಂಡಿಲ್ಲ: ನೀನು ನಮ್ಮ ಓದುಗನಿಗೆ ಬೇರೆ ಪಾಠ ಕೊಟ್ಟೆಯಾ, ನಾವು ನಿನ್ನ ಪಾಠವನ್ನೇ ಬೇರೆ ಮಾಡುತ್ತೇವೆ.

‘ಏನು ಬೇಕು?’ ಎಂದು ಕೇಳುವ ಒಳ್ಳೆಯ ದಾರಿ ಜಾಲದ ನಿಯಮಗಳಲ್ಲೇ ಇದೆ. ಪುಟ ಕೇಳುವಾಗ ಬ್ರೌಸರು ತನಗೆ ಯಾವ ರೂಪದ ಕಡತ ಅರ್ಥವಾಗುತ್ತದೆ, ಯಾವ ಭಾಷೆ ಬೇಕು, ಅದು ಇಲ್ಲದಿದ್ದರೆ ಯಾವುದು ಆದೀತು ಎಂದು ಒಂದು ಪಟ್ಟಿ ಕಳಿಸುತ್ತದೆ. ಭಾಷೆಗಳಿಗೆ 0.9, 0.8 ಎಂದು ತೂಕವನ್ನೂ ಹೇಳಬಹುದು. ಇವತ್ತು ಒಂದೇ ಫೋಟೊವನ್ನು ಹೊಸ ಬ್ರೌಸರಿಗೆ ವೆಬ್‌ಪಿ ರೂಪದಲ್ಲೂ ಹಳೆಯದಕ್ಕೆ ಜೆಪೆಗ್ ರೂಪದಲ್ಲೂ ಕೊಡುವುದು ಹೀಗೆ. ಯಾರಿಗೂ ಮೋಸವಿಲ್ಲ, ನೋಡುವ ಚಿತ್ರ ಒಂದೇ. ಇದನ್ನು ಓದಿದ ಹುಮ್ಮಸ್ಸಿನಲ್ಲಿ ನನ್ನ ಫೋನು ಏನು ಕೇಳುತ್ತಿದೆ ಎಂದು ನೋಡಿದೆ. ಭಾರತದ ಇಂಗ್ಲಿಷ್ ಬೇಕು, ಅದಿಲ್ಲದಿದ್ದರೆ ಯಾವುದಾದರೂ ಇಂಗ್ಲಿಷ್. ಕನ್ನಡದ ಹೆಸರೇ ಇಲ್ಲ. ಕನ್ನಡದಲ್ಲಿ ತಾಣಗಳಿಲ್ಲ, ಆಯ್ಕೆಗಳಿಲ್ಲ ಎಂದು ಭಾಷಣ ಮಾಡಿಕೊಂಡು ತಿರುಗುತ್ತಿದ್ದ ವರ್ಷಗಳಲ್ಲೆಲ್ಲ ನನ್ನ ಜೇಬಿನಿಂದ ಈ ಅರ್ಜಿ ದಿನಕ್ಕೆ ನೂರು ಸಲ ಹೋಗುತ್ತಿತ್ತು.

ಕನ್ನಡದ ಓದುಗರಿಗೆ ಈ ಇಡೀ ವಿಚಾರ ಹಳೆಯದು, ಆದರೆ ಅದನ್ನು ಸಾಹಿತ್ಯದ ಪ್ರಶ್ನೆಯಾಗಿ ನಾವು ನೋಡಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಜಾಲದ ಕನ್ನಡ ಎಂದರೆ ವೇಷ ಹಾಕಿದ ಇಂಗ್ಲಿಷ್. ಒಳಗಿನ ಸಂಕೇತ ಇಂಗ್ಲಿಷಿನದು, ಮೇಲೆ ತೊಡಿಸಿದ ಫಾಂಟು ಕನ್ನಡದ್ದು. ಓದುಗರ ಬಳಿ ಆ ಫಾಂಟು ಇರುವುದಿಲ್ಲವಾದ್ದರಿಂದ ಪುಟದ ಜೊತೆಗೇ ಅದನ್ನು ಕಳಿಸುವ ‘ಡೈನಮಿಕ್ ಫಾಂಟ್’ ಬಂತು. ಇಲ್ಲೂ ಎರಡು ಪಂಕ್ತಿ. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಇಒಟಿ ಎಂಬ ಕಡತ, ನೆಟ್‌ಸ್ಕೇಪಿಗೆ ಪಿಎಫ್‌ಆರ್ ಎಂಬ ಕಡತ. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಆಗದು. ಎರಡೂ ಅಲ್ಲದ ಬ್ರೌಸರಿನಲ್ಲಿ ತೆರೆದರೆ ವೇಷ ಕಳಚಿ, ಕೊಕ್ಕೆ ಬಾಲ ಚುಕ್ಕಿಗಳಿದ್ದ ಯುರೋಪಿನ ಅಕ್ಷರಗಳ ರಾಶಿ ಬೀಳುತ್ತಿತ್ತು. ಹೊರದೇಶದಲ್ಲಿ ಕೂತು ಊರಿನ ಸುದ್ದಿಗೆಂದು ಸಂಪರ್ಕ ಹಾಕಿಕೊಂಡವರು ಆ ರಾಶಿಯನ್ನು ನೋಡಿಕೊಂಡು ಕೂತದ್ದುಂಟು. ಕೆಲವರು ಬೇಸತ್ತು ಪದ್ಯವನ್ನು ಚಿತ್ರ ಮಾಡಿ ಹಾಕುತ್ತಿದ್ದರು. ಚಿತ್ರದಲ್ಲಿ ಸಾಲು ಅಲುಗದು, ಬಿಳಿ ಜಾಗ ಕದಲದು, ಎಲ್ಲರಿಗೂ ಒಂದೇ ಪಾಠ. ಆದರೆ ಆ ಪದ್ಯವನ್ನು ಹುಡುಕಲು ಬಾರದು, ಪರದೆಯನ್ನು ಓದಿ ಹೇಳಿಸಿಕೊಳ್ಳುವ ಅಂಧ ಓದುಗರಿಗೆ ಅದು ಇಲ್ಲವೇ ಇಲ್ಲ.

ಯೂನಿಕೋಡ್ ಬಂದು ವೇಷದ ಕಾಟ ತಪ್ಪಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅದು ಎಲ್ಲರ ಯಂತ್ರದಲ್ಲಿ ಸರಿಯಾಗಿ ಮೂಡುವ ಹೊತ್ತಿಗೆ ಎಷ್ಟೋ ವರ್ಷ ಹೋದವು. ಆ ನಡುಗಾಲದ ಒಂದು ನೆನಪನ್ನು ಹೇಳಲೇಬೇಕು. ಅಗ್ಗದ ಫೋನುಗಳಲ್ಲಿ ಕನ್ನಡ ಅಂದರೆ ಖಾಲಿ ಡಬ್ಬಿಗಳ ಸಾಲು. ಆಗ ಒಪೆರಾ ಮಿನಿ ಎಂಬ ಚಿಕ್ಕ ಬ್ರೌಸರಿತ್ತು. ಅದಕ್ಕೆ ಬೇಕಾದ ಪುಟವನ್ನು ಒಪೆರಾದ ಸರ್ವರುಗಳು ಮೊದಲು ತಾವೇ ತೆರೆದು, ಹಿಂಡಿ ಹಗುರ ಮಾಡಿ, ಫೋನಿಗೆ ಕಳಿಸುತ್ತಿದ್ದವು. ವಿಳಾಸದ ಜಾಗದಲ್ಲಿ ಒಪೆರಾ ಕಾನ್ಫಿಗ್ ಎಂದು ಬರೆದರೆ ಒಂದು ಗುಪ್ತ ಪುಟ ತೆರೆಯುತ್ತಿತ್ತು. ಅಲ್ಲಿ ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟು ಬಳಸಲೇ ಎಂಬ ಸಾಲಿಗೆ ‘ಹೌದು’ ಎಂದು ಕೊಟ್ಟರೆ ಮುಗಿಯಿತು. ಸರ್ವರೇ ಒತ್ತಕ್ಷರ, ಗುಣಿತಗಳನ್ನೆಲ್ಲ ಜೋಡಿಸಿ ಚಿತ್ರವಾಗಿ ಬರೆದು ಕಳಿಸುತ್ತಿತ್ತು. ಹಾಸ್ಟೆಲುಗಳಲ್ಲಿ ಈ ಮಂತ್ರವನ್ನು ಒಬ್ಬರಿಂದೊಬ್ಬರು ಕಲಿತರು. ನನ್ನ ಎಷ್ಟೋ ವಿದ್ಯಾರ್ಥಿಗಳು ಜಾಲದಲ್ಲಿ ಕನ್ನಡ ಕಥೆ ಓದಿದ್ದು ಮೊದಲು ಹೀಗೆಯೇ: ಓದುತ್ತಿದ್ದೇವೆಂದುಕೊಂಡು ಅಕ್ಷರದ ಚಿತ್ರಗಳನ್ನು ನೋಡುತ್ತ.

ಆದ್ದರಿಂದ ಬೇರೆ ಬೇರೆಯವರಿಗೆ ಬೇರೆ ಬೇರೆ ರೂಪದಲ್ಲಿ ಕೊಡುವುದೇ ತಪ್ಪು ಎಂದು ನಾನು ಹೇಳಲಾರೆ. ಒಪೆರಾ ಮಿನಿ ಅಕ್ಷರವನ್ನು ಚಿತ್ರವಾಗಿಸಿತು, ಅದಕ್ಕಿಂತ ದೊಡ್ಡ ರೂಪಾಂತರ ಯಾವುದಿದೆ? ಆದರೂ ಪಠ್ಯ ಉಳಿಯಿತು. ನನ್ನ ಪದ್ಯದ ಸರ್ವರು ಒಂದಕ್ಷರವನ್ನೂ ಮುಟ್ಟಲಿಲ್ಲ, ಪಠ್ಯ ಕೆಟ್ಟಿತು. ಅಕ್ಷರಗಳೆಲ್ಲ ಇವೆಯೇ ಎಂದು ಎಣಿಸಿ ನೋಡುವವನಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಕಾಣಬೇಕಾದರೆ ಬರವಣಿಗೆಯ ಅರ್ಥ ಎಲ್ಲಿ ನಿಂತಿದೆ ಎಂದು ತಿಳಿದಿರಬೇಕು, ಮತ್ತು ಅದನ್ನು ತಿಳಿಯುವುದು ವಿಮರ್ಶೆಯ ಕೆಲಸ. ಕನ್ನಡದಲ್ಲಿ ಖಾಲಿಯಂತೆ ಕಾಣುವ ಆದರೆ ಖಾಲಿಯಲ್ಲದ ಇನ್ನೊಂದು ವಸ್ತುವಿದೆ. ‘ರ‍್ಯಾಂಕ್’ ಎಂದು ಬರೆದಾಗ ರ ಆದಮೇಲೆ ಒಂದು ಅದೃಶ್ಯ ಜೋಡಕ ಕೂತಿರುತ್ತದೆ, ಅಗಲವೇ ಇಲ್ಲದ ಅಕ್ಷರ. ಅನಗತ್ಯವೆಂದು ಯಾವುದಾದರೂ ಟೆಂಪ್ಲೇಟು ಅದನ್ನು ಗುಡಿಸಿ ಹಾಕಿದರೆ ‘ರ್ಯಾಂಕ್’ ಆಗಿ, ರಕಾರ ಅರ್ಕಾವೊತ್ತಾಗಿ ಯಕಾರದ ಬೆನ್ನಿಗೆ ಬೀಳುತ್ತದೆ. ಶೂನ್ಯವನ್ನು ತೆಗೆದರೆ ಏನೂ ತೆಗೆದಂತಲ್ಲ ಎಂಬ ಗಣಿತ ಬರವಣಿಗೆಗೆ ಒಗ್ಗುವುದಿಲ್ಲ.

ಜಾಲಪುಟದ ವಿನ್ಯಾಸಕಾರರು ಈ ಬಗ್ಗೆ ಯೋಚಿಸಿಲ್ಲವೆಂದಲ್ಲ. ಆಸ್ಟ್ರೇಲಿಯಾದ ಜಾನ್ ಆಲ್ಸಪ್ 2000ದ ಏಪ್ರಿಲಿನಲ್ಲಿ ‘ಎ ದಾವೋ ಆಫ್ ವೆಬ್ ಡಿಸೈನ್’ ಎಂಬ ಪ್ರಬಂಧ ಬರೆದ. ದಾವ್ ದ ಜಿಂಗ್ ಅನ್ನು ದಾರಿದೀಪವಾಗಿಟ್ಟುಕೊಂಡ ಬರಹ. ಪುಟದ ಮೇಲೆ ಪೂರ್ತಿ ಹಿಡಿತ ಬೇಕೆನ್ನುವುದು ಮುದ್ರಣದಿಂದ ಬಂದ ಚಟ, ಜಾಲದಲ್ಲಿ ಆ ಹಿಡಿತ ಇಲ್ಲದಿರುವುದು ಕೊರತೆಯಲ್ಲ, ಅದೇ ಅದರ ಶಕ್ತಿ, ಓದುಗನ ಪರದೆಗೆ ತಕ್ಕಂತೆ ಪುಟ ಬಳುಕಲಿ ಎಂಬುದು ಅವನ ವಾದ. ಹತ್ತು ವರ್ಷದ ಮೇಲೆ, 2010ರ ಮೇ ತಿಂಗಳಲ್ಲಿ, ಈಥನ್ ಮಾರ್ಕಾಟ್ ಅದೇ ಪತ್ರಿಕೆಯಲ್ಲಿ ಬರೆದ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಆಲ್ಸಪ್ಪನ ಮಾತಿನಿಂದಲೇ ಶುರುವಾಗುತ್ತದೆ. ಫೋನಿಗೊಂದು ತಾಣ, ಕಂಪ್ಯೂಟರಿಗೊಂದು ತಾಣ ಬೇಡ, ಎಲ್ಲರಿಗೂ ಒಂದೇ ಪುಟ ಹೋಗಲಿ, ಪರದೆಯ ಅಗಲ ನೋಡಿ ಅದು ತನ್ನ ಉಡುಪನ್ನು ತಾನೇ ಸರಿಮಾಡಿಕೊಳ್ಳಲಿ ಎಂದು ಅವನು ದಾರಿ ತೋರಿಸಿದ. ಎರಡೂ ಒಳ್ಳೆಯ ಬರಹಗಳು. ಆಲ್ಸಪ್ಪನದು ಸಾಹಿತ್ಯವಾಗಿಯೂ ಓದಿಸಿಕೊಳ್ಳುತ್ತದೆ. ಅವರ ಮಾತು ಕೇಳಿದ್ದರೆ ನನ್ನ ಫಜೀತಿಯೇ ಇರುತ್ತಿರಲಿಲ್ಲ.

ಆದರೂ ಒಂದು ತಕರಾರು ಉಳಿಯುತ್ತದೆ. ಆಲ್ಸಪ್ಪನ ಮಾತು ಗದ್ಯಕ್ಕೆ ಪೂರ್ತಿ ಒಪ್ಪುತ್ತದೆ. ಪದ್ಯದಲ್ಲಿ ಸಾಲು ಎಲ್ಲಿ ಮುರಿಯಬೇಕೆಂಬುದು ಮುದ್ರಕನ ಚಟವೋ ಕವಿಯ ಮಾತೋ? ಇದಕ್ಕೆ ಒಂದೇ ಉತ್ತರವಿಲ್ಲ, ಯಾವ ಪದ್ಯ ಎಂದು ಕೇಳಬೇಕಾಗುತ್ತದೆ.

ಕುಮಾರವ್ಯಾಸನ ಭಾಮಿನಿಯನ್ನು ತೆಗೆದುಕೊಳ್ಳಿ. ಆರು ಸಾಲಿನ ಷಟ್ಪದಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 23. ಫೋನಿನ ಕಿರಿದಾದ ಪರದೆಯಲ್ಲಿ ಈ ಉದ್ದದ ಸಾಲುಗಳು ಮುರಿದು ಕೆಳಕ್ಕೆ ಬೀಳುತ್ತವೆ, ಷಟ್ಪದಿ ಅಷ್ಟಪದಿಯಾಗುತ್ತದೆ. ಕಣ್ಣಿಗೆ ಹಿಂಸೆ, ಸರಿ. ಆದರೆ ಗಟ್ಟಿಯಾಗಿ ಓದಿ ನೋಡಿ, ಏನೂ ಆಗಿರುವುದಿಲ್ಲ. ಮೂರು ನಾಲ್ಕು, ಮೂರು ನಾಲ್ಕು ಎಂದು ಗಣ ತನ್ನ ಪಾಡಿಗೆ ನಡೆದು, ಕೊನೆಯ ಗುರುವಿನ ಮೇಲೆ ಉಸಿರು ನಿಲ್ಲುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸ ನಿಜವಾದ ಸಾಲು ಎಲ್ಲಿ ಶುರುವಾಯಿತೆಂದು ಕಿವಿಗೆ ತಿಳಿಸುತ್ತದೆ, ನಡುವೆ ಪರದೆ ಹುಟ್ಟಿಸಿದ ಸುಳ್ಳು ಸಾಲಿಗೆ ಪ್ರಾಸವಿಲ್ಲ. ಅಷ್ಟಕ್ಕೂ ಆರು ಸಾಲಾಗಿ ಬಿಡಿಸಿ ಬರೆಯುವುದು ಅಚ್ಚಿನ ಕಾಲದ ರೂಢಿ. ತಾಳೆಗರಿಯಲ್ಲಿ ಪದ್ಯವೂ ಗದ್ಯದ ಹಾಗೆ ಗರಿಯ ತುದಿಯವರೆಗೆ ಹೋಗಿ, ದಾರ ಪೋಣಿಸುವ ತೂತನ್ನು ಬಳಸಿ, ಮುಂದಿನ ಪಂಕ್ತಿಗೆ ಇಳಿಯುತ್ತಿತ್ತು. ಪದ್ಯ ಮುಗಿದಲ್ಲಿ ಒಂದು ಗೀಟು, ಒಂದು ಅಂಕಿ. ಗಮಕಿಯ ಗಂಟಲಿನಲ್ಲಿ ಅದು ಮತ್ತೆ ಆರು ಸಾಲಾಗುತ್ತಿತ್ತು. ಗರಿ, ಕಾಗದ, ಪರದೆ, ಯಾವುದರಲ್ಲಿ ಕೊಟ್ಟರೂ ಭಾಮಿನಿ ಅಲುಗುವುದಿಲ್ಲ, ಅದರ ಸಾಲು ಹಾಳೆಯ ಮೇಲೆ ಇರಲೇ ಇಲ್ಲ.

ನವ್ಯದಲ್ಲಿ ಸಾಲು ಹಾಳೆಗೆ ಬಂತು. ಅಡಿಗರಲ್ಲಿ ಲಯ ಎಷ್ಟು ಗಟ್ಟಿಯಾಗಿದೆಯೆಂದರೆ ಸಾಲು ಮುರಿದರೂ ಕಿವಿ ಬಹುಮಟ್ಟಿಗೆ ಕೈಹಿಡಿಯುತ್ತದೆ. ಅವರ ನಂತರದ ಮುಕ್ತಛಂದದಲ್ಲಿ, ಅದರಲ್ಲೂ ಇತ್ತೀಚಿನ ಸಣ್ಣ ದನಿಯ ಪದ್ಯಗಳಲ್ಲಿ, ಆ ಆಸರೆಯೂ ಇಲ್ಲ. ಎಲ್ಲಿ ನಿಲ್ಲಬೇಕೆಂದು ಹೇಳುವುದು ಬರಿಯ ಬಿಳಿ. ಇದನ್ನು ದೌರ್ಬಲ್ಯವೆಂದು ನಾನು ಕರೆಯುವುದಿಲ್ಲ, ಕಿವಿಗೆ ದಕ್ಕದ ಕೆಲವು ಮೌನಗಳನ್ನು ಅದು ಹಿಡಿಯಬಲ್ಲದು. ಆ ಬೆಂಚಿನ ಪದ್ಯ ಹಿಡಿದಿತ್ತು. ಆದರೆ ಹಾಗೆ ಬರೆಯುವವರು ತಮ್ಮ ಪದ್ಯದ ಅರ್ಧವನ್ನು ಬೇರೆಯವರ ಕೈಗೆ ಕೊಟ್ಟಿರುತ್ತಾರೆ. ಹಿಂದೆ ಆ ಕೈ ಮೊಳೆ ಜೋಡಿಸುವವನದ್ದಾಗಿತ್ತು, ಅವನಿಗೆ ಕರಡು ತಿದ್ದಿ ಕೊಡಬಹುದಿತ್ತು. ಈಗಿನದು ಟೆಂಪ್ಲೇಟಿನದು. ಅದರ ಕರಡನ್ನು ಯಾರೂ ಕವಿಗೆ ತೋರಿಸುವುದಿಲ್ಲ. ಎಷ್ಟು ಬಗೆಯ ಕರಡುಗಳಿವೆ ಎಂದು ಸಂಪಾದಕರಿಗೂ ಗೊತ್ತಿರುವುದಿಲ್ಲ.

ಪಾಠಾಂತರ ನಮಗೆ ಹೊಸ ವಿಷಯವಲ್ಲ. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದುಕೊಟ್ಟ ಭಾಷೆ ನಮ್ಮದು. ಲಿಪಿಕಾರ ಎಲ್ಲಿ ಕಣ್ಣು ಜಾರಿಸುತ್ತಾನೆ, ಎಲ್ಲಿ ತನ್ನ ಜಾಣತನ ಸೇರಿಸುತ್ತಾನೆ ಎಂದು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಶಿಸ್ತು ಇಲ್ಲಿದೆ. ಸರ್ವರು ಎಂಬ ಲಿಪಿಕಾರನ ಮುಂದೆ ಆ ಶಿಸ್ತನ್ನು ನಾವು ಬಳಸಿಲ್ಲ, ಒಂದು ಪ್ರತಿ ನೋಡಿ ಕೃತಿಯ ಬಗ್ಗೆ ಬರೆಯುತ್ತೇವೆ. ವಿಚಿತ್ರವೆಂದರೆ ಯಂತ್ರಗಳ ನಡುವೆ ಈ ಶಿಸ್ತಿಗೆ ಜಾಗ ಇದೆ. ಕೇಳಿದವರ ಹೆಸರು ನೋಡಿ ಬೇರೆ ಪುಟ ಕೊಡುವ ಸರ್ವರು, ಉತ್ತರದ ಮೇಲೆ ‘ವೇರಿ’ ಎಂಬ ಒಂದು ಸಾಲು ಬರೆಯಬೇಕು: ಈ ಪುಟ ಕೇಳಿದವರಿಗೆ ತಕ್ಕಂತೆ ಬದಲಾಗುತ್ತದೆ, ಒಬ್ಬರಿಗೆ ಕೊಟ್ಟ ಪ್ರತಿಯನ್ನು ಇನ್ನೊಬ್ಬರಿಗೆ ದಾಟಿಸಬೇಡ ಎಂದು. ನಡುದಾರಿಯಲ್ಲಿ ಪುಟಗಳನ್ನು ಸಂಗ್ರಹಿಸಿಟ್ಟುಕೊಳ್ಳುವ ಯಂತ್ರಗಳಿಗೆಂದು ಬರೆಯುವ ಸಾಲು ಅದು. ಅಡಿಟಿಪ್ಪಣಿಯಲ್ಲಿ ಪಾಠಾಂತರ ಸೂಚಿಸುವ ಸಂಪಾದಕನ ಪ್ರಾಮಾಣಿಕತೆ ಅದರಲ್ಲಿದೆ. ಓದುವ ಮನುಷ್ಯರಿಗೆ ಮಾತ್ರ ಅದು ಕಾಣುವುದಿಲ್ಲ.

ಆ ಪತ್ರಿಕೆ ಕಳೆದ ವರ್ಷ ತನ್ನ ತಾಣವನ್ನು ಹೊಸದಾಗಿ ಕಟ್ಟಿಸಿತು. ಈಗ ಎಲ್ಲರಿಗೂ ಒಂದೇ ಪುಟ, ಫೋನಿನಲ್ಲೂ ನಾಲ್ಕು ಚರಣ. ಹಳೆಯ ಪುಟಗಳನ್ನು ಕಾಯ್ದಿಡುವ ಇಂಟರ್ನೆಟ್ ಆರ್ಕೈವಿನಲ್ಲಿ ಹುಡುಕಿದೆ. ಅಲ್ಲೂ ನಾಲ್ಕು ಚರಣದ್ದೇ ಇದೆ. ಅವರ ಯಂತ್ರವೂ ಒಂದು ಹೆಸರು ಹೇಳಿಕೊಂಡು ಬಂದು, ಆ ಹೆಸರಿಗೆ ಸಿಕ್ಕಿದ್ದನ್ನು ಎತ್ತಿಟ್ಟುಕೊಂಡಿದೆ. ನಾನು ಓದಿ ಮೆಚ್ಚಿದ ಪದ್ಯ ಈಗ ಎಲ್ಲೂ ಇಲ್ಲ. ಕಾವ್ಯ ಕಳೆದುಹೋಗಿ ಟೀಕೆ ಮಾತ್ರ ಉಳಿದ ಹಾಗೆ ನನ್ನ ಎರಡು ಪ್ಯಾರಾ ಉಳಿದಿವೆ. ತೆಗೆದುಹಾಕೋಣ ಎಂದುಕೊಂಡೆ, ಕವಿಯೇ ಬೇಡವೆಂದರು. ಕೆಳಗೊಂದು ಟಿಪ್ಪಣಿ ಸೇರಿಸಿದ್ದೇನೆ: ಓದಿದ ಪ್ರತಿ, ಫೋನಿನದು.

ಈ ವರ್ಷ ಅವರ ಸಂಕಲನ ಬಂದಿದೆ. ಕೊಂಡ ಕೂಡಲೇ ಮೊದಲು ಆ ಪದ್ಯದ ಪುಟ ತೆಗೆದೆ. ಮೂರನೆಯ ಚರಣದ ಎರಡು ಸಾಲು ಬಲಪುಟದ ತುದಿಗೆ ಬಂದು ನಿಂತಿವೆ, ನಾಲ್ಕನೆಯದು ಹಾಳೆ ತಿರುವಿದರೆ ಸಿಗುತ್ತದೆ. ಅವೆರಡರ ಕೆಳಗಿರುವ ಬಿಳಿ ಕವಿಯದೋ, ಪುಟದ ಅಂಚಿನದೋ ಹೇಳಲಾರೆ. ಮೇಲ್ ಬರೆದು ಕೇಳಿದ್ದೇನೆ.